ಜೀಪಿನಮ್ಮನ ಪಕ್ಕೆನೋವು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಬ್ಲಾಕ್ ಆಫೀಸಿನ ಹಳೆಯ ಜೀಪ್ ಡ್ರೈವರ್. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಳಂದೂರಿನ ಬಸ್ಸಿಗಾಗಿ ಕಾಯುತ್ತಿದ್ದೆ. ಅವನು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಎದುರಿಗೆ ಬಂದ. ಮಕ್ಕಳು ಮರಿ ಎಲ್ಲರ ಕ್ಷೇಮ ವಿಚಾರಿಸಿ ಆದಮೇಲೆ, "ಜೀಪಿನಮ್ಮ ಓಗ್ಬುಟ್ರು ಕಣವ್ವ, ಗೊತ್ತಾಯ್ತಾ?" ಎಂದ.

"ಅದೇ ಕಾಯಿಲೆ ತಿರುಗಿ ಬಂದಿತ್ತಾ?" ನನ್ನ ಬಾಯಿಂದ ಮೊದಲು ಹೊರಟದ್ದು ಈ ಪ್ರಶ್ನೆ.

"ಇಲ್ಲ ಕಣವ್ವ. ಜರ ಬಂದಿತ್ತಂತೆ. ಅಕ್ಕನ ಮಗಳು ಗಂಜಿ ತರಕ್ಕೆ ಒಳೀಕ್ ಓಗಿ ಬರೋದ್ರೊಳ್ಗೆ ಪ್ರಾಣ ಓಗಿತ್ತಂತೆ. ಆ ಕಾಯ್ಲೆ ಅಲ್ವೇ ಅಲ್ಲ ಅಂತ ಡಾಕ್ಟ್ರೇ ಏಳುದ್ರಂತೆ."

ಬಸ್ಸಿನಲ್ಲಿ ಕುಳಿತ ಮೇಲೆ ಯೋಚಿಸಿದೆ. ದುಃಖಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ಸಮಾಧಾನ. ಅವರಿಗೂ ಹಾಗೇ ಅನ್ನಿಸುತ್ತಿತ್ತು ಎಂದು ನನಗೆ ಗೊತ್ತು. ಎಲ್ಲರಿಗೂ ಬರುವಂಥ ಜ್ವರದಲ್ಲಿ, ಎಲ್ಲರಂತೆ ಹೋದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರ ಅಕ್ಕನ ಮನೆಯಲ್ಲಿ ಇವತ್ತಿಗೂ ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಮನೆಯವರಿಗೆ ಮುಜುಗರವಾಗುವುದು ಬೇಡ. ಅಲ್ಲದೆ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಆಫೀಸಿನಲ್ಲಿ ಅವರು 'ಮೇಡಂ'. ಹಳ್ಳಿಗಳಲ್ಲಿ 'ಜೀಪಿನಮ್ಮ'. ಬ್ಲಾಕ್ ಆಫೀಸಿನ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಬರುತ್ತಿದ್ದ ಹೆಂಗಸು ಆ ಕಾಲಕ್ಕೆ ನಮ್ಮ ಕಡೆ ಅವರೊಬ್ಬರೇ.

ಮುಖ್ಯ ಸೇವಿಕಾ ಎಂಬುದು ಅವರ ಹುದ್ದೆ. ಹಳ್ಳಿಗಳಲ್ಲಿ ಮಹಿಳಾ ಸಮಾಜ ನಡೆಸುವುದು, ಹೊಲಿಗೆ ಕಲಿಸುವುದು, ಹೊಗೆಯಿಲ್ಲದ ಒಲೆ ಹಾಕಿಸುವುದು, ಬಾಣಂತಿಯರಿಗೆ ಹಾಲಿನ ಪುಡಿ ಹಂಚುವುದು, ಇವೆಲ್ಲ ನನ್ನಂಥ ಗ್ರಾಮಸೇವಿಕೆಯರ ಕೆಲಸ. ನಮ್ಮ ಕೆಲಸವನ್ನು ನೋಡಿಕೊಳ್ಳುವುದು ಅವರ ಕೆಲಸ. ಕೊಳ್ಳೇಗಾಲ, ಹನೂರು ಎರಡೂ ಕಡೆ ಅವರದೇ. ಯಳಂದೂರಿನಲ್ಲಿ ಜಾಗ ಖಾಲಿ ಬಿದ್ದಾಗ ಅದನ್ನೂ ಅವರಿಗೇ ಅಂಟಿಸಿದ್ದರು.

ಕೊಳ್ಳೇಗಾಲ ಮದ್ರಾಸು ಸರ್ಕಾರದಲ್ಲಿದ್ದ ಕಾಲಕ್ಕೇ ಅವರು ಕೆಲಸಕ್ಕೆ ಸೇರಿದ್ದರು. ಓದಿದ್ದು ಕೊಯಮತ್ತೂರಿನಲ್ಲಿ. ಐವತ್ತಾರರಲ್ಲಿ ಊರು ಮೈಸೂರಿಗೆ ಸೇರಿದ ಮೇಲೆ ಕನ್ನಡದಲ್ಲಿ ಟಿಪ್ಪಣಿ ಬರೆಯುವುದನ್ನು ರೂಢಿ ಮಾಡಿಕೊಂಡರು. ಆದರೆ ಬಟ್ಟೆ ಅಳೆಯುವಾಗ ಮಾತ್ರ ತುಟಿಯೊಳಗೇ ತಮಿಳಿನಲ್ಲಿ ಎಣಿಸುತ್ತಿದ್ದರು. ಕೇಳಿದರೆ, "ಎಣಿಕೆ ಯಾವ ಭಾಷೇಲಿ ಕಲಿತೀವೋ ಅದರಲ್ಲೇ ನಿಂತುಬಿಡುತ್ತೆ" ಎನ್ನುತ್ತಿದ್ದರು. ಗಂಡ ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದ. ಆ ವಿಷಯ ಅವರಾಗಿ ಎತ್ತಿದ್ದನ್ನು ನಾನು ಕೇಳಿಲ್ಲ. ಎತ್ತರದ ಆಳು. ದಪ್ಪ ಗಾಜಿನ ಕನ್ನಡಕ. ನಗು ಬಂದರೆ ಆಫೀಸಿನ ಆ ಕೊನೆಗೂ ಕೇಳುವಂತೆ ನಗುತ್ತಿದ್ದರು.

ಕಾಯಿಲೆ ಗೊತ್ತಾದಾಗ ಅವರಿಗೆ ನಲವತ್ತೈದರ ಆಸುಪಾಸು. ಎಡ ಎದೆಯಲ್ಲಿ ಗಡ್ಡೆ. ಮೈಸೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಬೆಂಗಳೂರಿಗೆ ಹೋಗಿ ಕರೆಂಟು ಕೊಡಿಸಿಕೊಂಡು ಬಂದರು. ಎಕ್ಸ್‌ರೇಯಂಥ ಕಿರಣ ಬಿಟ್ಟು ಉಳಿದ ಬೇರನ್ನು ಸುಡುವುದಕ್ಕೆ ಜನ 'ಕರೆಂಟು ಕೊಡೋದು' ಅನ್ನುತ್ತಿದ್ದರು. ಆಫೀಸಿಗೆ ಬಂದ ರಜೆ ಅರ್ಜಿಯಲ್ಲಿ 'ದೇಹಾಲಸ್ಯ' ಎಂದಷ್ಟೇ ಇತ್ತು. ಆದರೂ ಅವರು ಮರಳಿ ಬರುವಷ್ಟರಲ್ಲಿ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಹೆಸರನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. 'ಆ ಕಾಯಿಲೆ' ಎನ್ನುತ್ತಿದ್ದರು.

ಮರಳಿ ಬಂದ ಮೊದಲ ವಾರ ಅವರ ಕಾಫಿ ಲೋಟ ಬೇರೆಯಾಯಿತು. ಜವಾನ ಅದನ್ನು ತೊಳೆದು ಕಿಟಕಿಯಲ್ಲಿ ಪ್ರತ್ಯೇಕವಾಗಿ ಬೋರಲು ಹಾಕುತ್ತಿದ್ದ. ಯಾರು ಹಾಗೆ ಮಾಡಲು ಹೇಳಿದರೋ ತಿಳಿಯದು. ಅವರು ಅದನ್ನು ನೋಡಿದರು. ಕೆಲವು ದಿನ ಅದರಲ್ಲೇ ಕುಡಿದರು. ಒಂದು ದಿನ ಹೋಟೆಲಿನಿಂದ ಕಾಫಿ ಬಂದಾಗ ತಾವೇ ಎದ್ದು, ಕಿಟಕಿಯ ಲೋಟವನ್ನು ಉಳಿದ ಲೋಟಗಳ ಜೊತೆ ತಟ್ಟೆಯಲ್ಲಿ ಸೇರಿಸಿ, ಎಲ್ಲದಕ್ಕೂ ಕಾಫಿ ಹೊಯ್ದು, ಮೇಜಿನಿಂದ ಮೇಜಿಗೆ ಹೋಗಿ ಕೊಟ್ಟರು. ಯಾವುದು ಯಾರ ಲೋಟವೋ ಗುರುತು ಸಿಗಲಿಲ್ಲ. ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿ ಕುಡಿದರು. ಮರುದಿನದಿಂದ ಕಿಟಕಿಯಲ್ಲಿ ಲೋಟ ಕಾಣಲಿಲ್ಲ.

ಗಾಯ ಮಾಗಿತು. ನೋವು ಉಳಿಯಿತು. ಎದೆಯ ಜೊತೆಗೆ ಅದರಡಿಯ ಮಾಂಸವನ್ನೂ, ಕಂಕುಳಿನ ಗಂಟುಗಳನ್ನೂ ತೆಗೆದುಬಿಟ್ಟಿದ್ದರು. ಚರ್ಮದ ಕೆಳಗೆ ನೇರವಾಗಿ ಪಕ್ಕೆಲುಬು. ಕಂಕುಳಿನಿಂದ ಕೆಳಗೆ ಒಂದು ಅಂಗೈ ಅಗಲದಷ್ಟು ಜಾಗ ಮರಗಟ್ಟಿಹೋಗಿತ್ತು. ಒಂದು ಸಲ ಅವರ ಅಕ್ಕ ನೋವಿಗೆಂದು ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟರಂತೆ. ಇವರಿಗೆ ಬಿಸಿ ಗೊತ್ತಾಗಲೇ ಇಲ್ಲ. ಬೊಬ್ಬೆ ಎದ್ದು ನೀರು ಒಸರಿದಾಗಲೇ ಗೊತ್ತಾದದ್ದು. ಅದು ಮಾಗಲು ಬಹಳ ಕಾಲ ಹಿಡಿಯಿತು. ಆಮೇಲೆ ಅಲ್ಲಿಗೆ ಎಣ್ಣೆಯೂ ಇಲ್ಲ, ಶಾಖವೂ ಇಲ್ಲ, ಬಿಸಿಲೂ ಇಲ್ಲ.

"ಮೇಲೆ ಮುಟ್ಟಿದ್ರೆ ಗೊತ್ತಾಗಲ್ಲ. ಒಳಗೆ ಯಾರೂ ಮುಟ್ಟದೇ ಇದ್ರೂ ಗೊತ್ತಾಗುತ್ತೆ" ಎಂದು ಒಮ್ಮೆ ನನಗೆ ಹೇಳಿದ್ದರು. ದೂರುವ ಧಾಟಿ ಇರಲಿಲ್ಲ. ಒಲೆ ಹೊಗೆ ಬಿಡುತ್ತದೆ ಎಂದು ಹೇಳುವಂತೆ ಹೇಳಿದರು.

ಅದರ ಜೊತೆ ಬಾಳುವುದಕ್ಕೆ ಅವರು ಮಾಡಿಕೊಂಡ ಏರ್ಪಾಡುಗಳು ಹಲವು. ರವಿಕೆಗಳನ್ನು ಬಿಚ್ಚಿ ಮತ್ತೆ ಹೊಲಿದು ಸಡಿಲ ಮಾಡಿದರು. ಬಟ್ಟೆಯ ಚೀಲದಲ್ಲಿ ಅರಳೆ ತುಂಬಿ, ತೂಕಕ್ಕೆಂದು ಸ್ವಲ್ಪ ಹುಣಸೆಬೀಜ ಸೇರಿಸಿ ಎಡಗಡೆಗೆ ಇಟ್ಟುಕೊಳ್ಳುತ್ತಿದ್ದರು. ತೂಕ ಒಂದೇ ಕಡೆ ಆದರೆ ಬೆನ್ನು ವಾಲಿ ಪಕ್ಕೆ ಇನ್ನಷ್ಟು ಹಿಡಿಯುತ್ತದೆ ಎನ್ನುತ್ತಿದ್ದರು. ಎಡಗೈ ಮೇಲೇಳುತ್ತಿರಲಿಲ್ಲ, ಉಗ್ರಾಣದ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡ ಹತ್ತಿದಂತೆ ಮೇಲಕ್ಕೆ ನಡೆಸುತ್ತಿದ್ದರು. ಸುಣ್ಣದ ಗೋಡೆಯ ಮೇಲೆ ಬೆರಳಿನ ಮಾಸಲು ದಾರಿಯೊಂದು ಬಿದ್ದಿತ್ತು. ಅದು ತಿಂಗಳು ತಿಂಗಳಿಗೆ ಸ್ವಲ್ಪ ಎತ್ತರವಾಗುತ್ತಿತ್ತು.

ಮಲಗುವುದು ಆರಾಮ ಕುರ್ಚಿಯಲ್ಲಿ, ಅರ್ಧ ಕುಳಿತು. ನೋವಿಗೆಂದು ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಎ.ಪಿ.ಸಿ. ಮಾತ್ರೆಯನ್ನು ಅರ್ಧ ಮುರಿದು ಇಟ್ಟುಕೊಂಡಿರುತ್ತಿದ್ದರು, ತೀರ ಆಗದಾಗ ಮಾತ್ರ ನುಂಗುತ್ತಿದ್ದರು. ಕೆಮ್ಮು ಬಂದರೆ, ಸೀನು ಬಂದರೆ ಮೊದಲು ಬಲಗೈ ಹೋಗಿ ಎಡ ಪಕ್ಕೆಯನ್ನು ಅದುಮಿ ಹಿಡಿಯುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ನಗು. ಯಾರಾದರೂ ತಮಾಷೆ ಶುರು ಮಾಡಿದರೆ, "ಒಂದ್ನಿಮಿಷ ಇರಿ" ಎಂದು ಕೈ ಎತ್ತಿ ತಡೆದು, ಪಕ್ಕೆ ಹಿಡಿದುಕೊಂಡು, "ಹೂಂ, ಈಗ ಹೇಳಿ" ಎನ್ನುತ್ತಿದ್ದರು. ಅಷ್ಟು ಹೊತ್ತು ಕಾದ ಮೇಲೆ ತಮಾಷೆಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಅವರು ಅದಕ್ಕೇ ನಗುತ್ತಿದ್ದರು.

ಜೀಪಿನಲ್ಲಿ ಕೂರುವಾಗ ತೋಳಿಗೂ ಪಕ್ಕೆಗೂ ನಡುವೆ ಬೂರುಗದ ಅರಳೆಯ ಪುಟ್ಟ ದಿಂಬು. ಮಾಂಬಳ್ಳಿಯ ದಾರಿ ಆಗ ಗುಂಡಿಗಳ ಸಾಲು. ಡ್ರೈವರ್ ಒಂದು ಉಪಾಯ ಕಂಡುಕೊಂಡಿದ್ದ. ಗುಂಡಿ ಬರುವ ಮೊದಲೇ "ಗುಂಡಿ ಕಣ್ರವ್ವಾ!" ಎಂದು ಕೂಗುತ್ತಿದ್ದ. ಅವರು ಉಸಿರೆಳೆದು ಬಿಗಿಹಿಡಿಯುತ್ತಿದ್ದರು. ಗುಂಡಿ ದಾಟಿದ ಮೇಲೆ ಬಿಡುತ್ತಿದ್ದರು. ಬರಬರುತ್ತಾ ಹಿಂದೆ ಕುಳಿತ ನಮಗೂ ಅದೇ ಅಭ್ಯಾಸವಾಯಿತು. ಒಂದು ದಿನ ಬಿ.ಡಿ.ಒ. ಸಾಹೇಬರನ್ನು ಕರೆದೊಯ್ಯುವಾಗಲೂ ಅವನು ಗಂಟಲು ಹರಿಯುವಂತೆ "ಗುಂಡಿ ಕಣ್ರವ್ವಾ!" ಎಂದು ಕೂಗಿಬಿಟ್ಟನಂತೆ. ಸಾಹೇಬರು ಬೆಚ್ಚಿಬಿದ್ದು ಬೈದರಂತೆ. "ತೆಪ್ಪಾಯ್ತು ಸಾ, ಬಾಯಿಗೆ ಬಂದೋಯ್ತು ಸಾ" ಎಂದನಂತೆ. ಇದನ್ನು ಮೇಡಂ ಅವರಿಗೆ ಹೇಳುವಾಗ ಕೈ ಎತ್ತಿ ತಡೆಯಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ನಕ್ಕು, ನೋವಿಗೆ ಕಣ್ಣಲ್ಲಿ ನೀರು ಬಂದು, ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಹಾಗೇ ಇದ್ದರು.

ಅವರನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ನೋವು ಹೆಚ್ಚಿದ ದಿನ ಅವರ ಹತ್ತಿರ ಹೋಗುವಂತಿರಲಿಲ್ಲ. ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಸಮಾಜದ ಲೆಕ್ಕ ತಪ್ಪು ತಂದಳೆಂದು ಎಲ್ಲರ ಮುಂದೆ ಅವಳನ್ನು ಅಳಿಸಿದರು. ಔಷಧಿ ಹೇಳಲು ಬಂದವರಿಗಂತೂ ಬಹಳ ಒರಟಾಗಿ ಉತ್ತರ ಕೊಡುತ್ತಿದ್ದರು. ಮುಳ್ಳೂರಿನ ಒಬ್ಬ ಪಂಡಿತ ಆಫೀಸಿಗೇ ಬಂದು, ಪಕ್ಕೆಗೆ ಬರೆ ಹಾಕಿದರೆ ನೋವು ನಿಂತುಹೋಗುತ್ತದೆ ಎಂದ. "ಸರ್ಕಾರದವರು ಈಗಾಗಲೇ ಕರೆಂಟಿನಲ್ಲಿ ಬರೆ ಹಾಕಿ ಕಳಿಸಿದ್ದಾರೆ. ನಿಮಗೆ ಜಾಗ ಎಲ್ಲಿ ಉಳಿದಿದೆ?" ಎಂದು ಕೇಳಿದರು. ಅವನಿಗೆ ಅರ್ಥವಾಗಲಿಲ್ಲ, ಕುಳಿತೇ ಇದ್ದ. ಜವಾನನನ್ನು ಕರೆದು ಅವನನ್ನು ಹೊರಗೆ ಕಳಿಸಬೇಕಾಯಿತು.

ಒಂದು ಮಳೆಗಾಲದ ಬೆಳಿಗ್ಗೆ ಉಗ್ರಾಣದಲ್ಲಿ ಹೊಲಿಗೆ ತರಗತಿಯ ಬಟ್ಟೆ ತೆಗೆಯುತ್ತಿದ್ದೆವು. ದೊಡ್ಡ ಮರದ ಪೆಟ್ಟಿಗೆ. ತಳದಲ್ಲಿದ್ದ ಗಂಟಿಗಾಗಿ ಅವರು ಪೆಟ್ಟಿಗೆಯ ಅಂಚಿಗೆ ಎದೆಯೊತ್ತಿ ಬಗ್ಗಿದರು. ಎಳೆ ಹುರುಳಿಕಾಯಿ ಮುರಿದಂತೆ ಒಂದು ಸದ್ದು. ನನಗೂ ಕೇಳಿಸಿತು. ಅವರು ಮೆಲ್ಲಗೆ ನೆಟ್ಟಗಾದರು. ಮುಖ ಬಿಳಚಿಕೊಂಡಿತ್ತು.

"ಏನಾಯ್ತು ಮೇಡಂ?"

"ಏನೋ ಮುರೀತು. ಪೆಟ್ಟಿಗೆ ಅಲ್ಲ" ಎಂದರು.

ಆ ದಿನದಿಂದ ನೋವಿನ ಬಗೆ ಬದಲಾಯಿತು. ಮೊದಲಿನದು ಅಲುಗಾಡಿದರೆ ಬರುವ, ಮೋಡ ಮುಚ್ಚಿದರೆ ಹೆಚ್ಚುವ ನೋವು. ಇದು ಸುಮ್ಮನೆ ಕುಳಿತಾಗಲೂ ಇತ್ತು. ಉಸಿರಾಡಿದರೆ ಚುಚ್ಚುತ್ತಿತ್ತು. "ಹಳೇದು ನನಗೆ ಪರಿಚಯ. ಇದು ಹೊಸದು, ಯಾರ ಮನೇದೋ ಗೊತ್ತಿಲ್ಲ" ಎಂದರು. ಎರಡು ವಾರ ಹಾಗೇ ಕಳೆದರು. ಯಾಕೆ ಕಾದಿರಿ ಎಂದು ಆಮೇಲೆ ಕೇಳಿದೆ. ಮೈಸೂರಿಗೆ ಹೋದರೆ ಏನು ಹೇಳುತ್ತಾರೋ ಎಂಬ ಹೆದರಿಕೆ ಎಂದು ನೇರವಾಗಿ ಒಪ್ಪಿಕೊಂಡರು. ಆ ಕಾಯಿಲೆ ಮೂಳೆಗೆ ಇಳಿಯುತ್ತದೆ ಎಂದು ಬೆಂಗಳೂರಿನ ವಾರ್ಡಿನಲ್ಲಿ ಪಕ್ಕದ ಮಂಚದವರಿಂದ ಅವರಿಗೆ ಗೊತ್ತಾಗಿತ್ತು. ಪಕ್ಕದ ಮಂಚ ಖಾಲಿಯಾದದ್ದನ್ನೂ ನೋಡಿಕೊಂಡು ಬಂದಿದ್ದರು.

ಕೊನೆಗೆ ಅವರ ಜೊತೆ ನಾನೇ ಹೋದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ಲೊಂದು ಗೆರೆ ಕಾಣ್ತಿದೆ. ಪಕ್ಕೆಲುಬು ಮುರಿದಿರಬಹುದು. ಕರೆಂಟು ಬಿದ್ದ ಮೂಳೆ ಬೆಂಡಾಗಿರುತ್ತೆ, ಸ್ವಲ್ಪ ಒತ್ತಿದ್ರೂ ಸಾಕು. ಆದರೆ..." ಎಂದು ನಿಲ್ಲಿಸಿದರು.

"ಹೇಳಿ ಡಾಕ್ಟ್ರೇ."

"ಆ ಕಾಯಿಲೆ ಮೂಳೆಗೆ ಬಂದಿದ್ರೂ ಶುರುವಿನಲ್ಲಿ ಹೀಗೇ ಕಾಣಬಹುದು. ಇವತ್ತೇ ಹೇಳೋಕಾಗಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ತೆಗೆಯೋಣ. ಬರೀ ಮುರಿತ ಆಗಿದ್ರೆ ಕೂಡಿಕೊಳ್ಳೋ ಗುರುತು ಕಾಣುತ್ತೆ."

"ಅಲ್ಲೀವರೆಗೆ?"

"ಭಾರ ಎತ್ತಬೇಡಿ, ಜೀಪು ಬೇಡ. ಬೇರೆಯವರಿಗಾದರೆ ಪ್ಲಾಸ್ಟರ್ ಪಟ್ಟಿ ಹಾಕ್ತಿದ್ವಿ. ನಿಮ್ಮ ಚರ್ಮ ಅದನ್ನ ತಡೆಯಲ್ಲ, ಪಟ್ಟಿ ಜೊತೆ ಕಿತ್ತುಬರುತ್ತೆ. ನೋವಾದ್ರೂ ಸರಿ, ಆಗಾಗ ದೀರ್ಘವಾಗಿ ಉಸಿರು ತಗೊಳ್ಳಿ. ಇಲ್ಲದಿದ್ರೆ ಎದೇಲಿ ಕಫ ಕಟ್ಟುತ್ತೆ."

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತೆವು. ನಾನು ಕಾಫಿ ಮಾತ್ರ ಹೇಳಿದೆ. ಅವರು ದೋಸೆಯನ್ನು ಪೂರ್ತಿ ತಿಂದರು. "ಮೂರು ತಿಂಗಳು ಅಂದ್ರಲ್ಲ, ನಮ್ಮ ಆಫೀಸಿನ ಫೈಲಿಗಿಂತ ಬೇಗ" ಎಂದರು. ಆಮೇಲೆ ಬಸ್ಸು ಹತ್ತಿದೆವು. ನರಸೀಪುರ ದಾಟುವವರೆಗೂ ಅವರು ಕಿಟಕಿಯ ಕಡೆ ತಿರುಗಿ ದೀರ್ಘವಾಗಿ ಉಸಿರೆಳೆಯುತ್ತಿದ್ದರು. ಪ್ರತಿ ಸಲವೂ ಹುಬ್ಬು ಗಂಟಿಕ್ಕುತ್ತಿತ್ತು.

ಆ ಮೂರು ತಿಂಗಳಲ್ಲೇ ಬಂಡಳ್ಳಿಯ ಸಂಗತಿ ನಡೆದದ್ದು. ಬಂಡಳ್ಳಿ ನನ್ನ ಸರ್ಕಲ್ಲಿಗೆ ಸೇರಿತ್ತು. ಅಲ್ಲಿನ ಮಹಿಳಾ ಸಮಾಜಕ್ಕೆ ತಪ್ಪದೆ ಬರುತ್ತಿದ್ದ ಮಾದೇವಮ್ಮ ಎಂಬ ಹೆಂಗಸು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದಳು. ನಲವತ್ತು ದಾಟಿದವಳು, ಸೊಸೆ ಕಂಡವಳು. ಆ ಸೊಸೆಯೇ ನನ್ನನ್ನು ಹಿಂಬಾಲಿಸಿ ಬಂದು ಮೆಲ್ಲಗೆ ಹೇಳಿದಳು: "ನಮ್ಮತ್ತೆಗೆ ಎದೇಲಿ ಗೆಡ್ಡೆ ಆಗದೆ ಕಣಕ್ಕ. ಸುಣ್ಣ ಬೆಲ್ಲ ಅಚ್ಕಂಡು ಕೂತವ್ರೆ. ಮಾವ ಮೈಸೂರ್ಗೆ ಓಗಮು ಅಂದ್ರೆ ಒಲ್ಲೆ ಅಂತರೆ. ಕೊಯ್ದು ಕರೆಂಟು ಕೊಟ್ರೆ ಯಾರೂ ಉಳಿಯಕ್ಕಿಲ್ವಂತೆ."

ಇದನ್ನು ಮೇಡಂ ಅವರಿಗೆ ಹೇಳಿದೆ. ಮರುದಿನವೇ ಜೀಪು ಹತ್ತಿದರು. ಡಾಕ್ಟರು ಬೇಡ ಎಂದಿದ್ದಾರೆ ಎಂದೆ. "ಡಾಕ್ಟರಿಗೆ ಬಂಡಳ್ಳಿ ಬಸ್ಸಿನ ವಿಷಯ ಗೊತ್ತಿಲ್ಲ" ಎಂದರು. ಡ್ರೈವರ್ ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ. ಆದರೂ ಇಳಿಯುವಾಗ ಅವರು ಜೀಪಿನ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.

ಮಾದೇವಮ್ಮ ಮೊದಲು ಏನೂ ಇಲ್ಲವೆಂದಳು. ಜನ ಸೇರತೊಡಗಿದ್ದರಿಂದ ಮೇಡಂ ಅವಳನ್ನು ಹಿತ್ತಲಿನ ಬಚ್ಚಲಿಗೆ ಕರೆದೊಯ್ದರು. ಬಚ್ಚಲೆಂದರೆ ಸುತ್ತ ತೆಂಗಿನ ಗರಿಯ ತಡಿಕೆ, ನಿಲ್ಲಲು ಒಂದು ಕಲ್ಲುಚಪ್ಪಡಿ. ಒಳಗೆ ಬರುವ ಜಾಗಕ್ಕೆ ನನ್ನ ಕೈಯಿಂದ ಒಂದು ಸೀರೆ ಅಡ್ಡ ಹಿಡಿಸಿ ನಿಲ್ಲಿಸಿದರು. ಮಾದೇವಮ್ಮ ಸೆರಗು ಸರಿಸಿ ತೋರಿಸಿದಳು. ಅವರು ಮುಟ್ಟಿ ನೋಡಿದರು. ಕಂಕುಳನ್ನೂ ನೋಡಿದರು. ಆಮೇಲೆ ತಮ್ಮ ರವಿಕೆಯ ಗುಂಡಿ ಬಿಚ್ಚಿದರು.

ಅದನ್ನು ನಾನೂ ನೋಡಿದ್ದು ಅದೇ ಮೊದಲು. ಒಂದು ಕಡೆ ಸಮತಟ್ಟು. ಸುಟ್ಟ ಬದನೆಕಾಯಿಯ ಸಿಪ್ಪೆಯಂಥ ಕಪ್ಪು ಚರ್ಮ, ಅದರಡಿ ಪಕ್ಕೆಲುಬಿನ ಸಾಲು, ನಡುವೆ ಕಂಕುಳವರೆಗೆ ಓಡಿದ ಹೊಲಿಗೆಯ ಗುರುತು.

ಮಾದೇವಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಒಂದು ಬೆರಳು ಚಾಚಿ ಗುರುತನ್ನು ಮುಟ್ಟಿ ಕೇಳಿದಳು: "ಇಲ್ಲಿ ನೋಯ್ತದಾ ಅವ್ವಾ?"

"ಅಲ್ಲಿ ಏನೂ ಗೊತ್ತಾಗಲ್ಲ. ಇಲ್ಲಿ" ಎಂದು ಅವಳ ಬೆರಳನ್ನು ಹಿಡಿದು ಕೆಳಗೆ ಪಕ್ಕೆಯ ಮೇಲೆ ಇಟ್ಟರು.

"ನಾನೂ ಇಂಗೇ ಕುಯ್ಸ್ಕಂಡ್ರೆ ಬದುಕ್ತೀನಾ?"

"ಅದು ನನಗೆ ಗೊತ್ತಿಲ್ಲ ಕಣವ್ವ."

"ನೀವು ಬದುಕಿದ್ದೀರಲ್ಲ?"

"ಇವತ್ತಿಗೆ ಬದುಕಿದ್ದೀನಿ. ಪಕ್ಕೇಲಿ ಮತ್ತೆ ಏನೋ ಆಗಿದೆ. ಏನು ಅಂತ ಮುಂದಿನ ತಿಂಗಳು ಹೇಳ್ತಾರೆ. ನೋಡು, ಕುಯ್ದ ಮೇಲೆ ಒಂದು ನೋವು, ಕರೆಂಟು ಕೊಟ್ಟ ಮೇಲೆ ಇನ್ನೊಂದು ನೋವು. ಮಲಗಿದ್ರೆ ಪಕ್ಕೆ ಹಿಡಿಯುತ್ತೆ, ಎದ್ರೆ ತೋಳು ಜಗ್ಗುತ್ತೆ. ನೋವೇ ಇರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಆದ್ರೆ ಆ ನೋವು ಇಟ್ಕೊಂಡೇ ನಾನು ಇಷ್ಟು ವರ್ಷ ಸಂಬಳ ತಗೊಂಡಿದ್ದೀನಿ, ನಿಮ್ಮೂರಿಗೆ ಬಂದಿದ್ದೀನಿ. ಹಾಗೇ ಬಿಟ್ಟಿದ್ರೆ ಇಷ್ಟೊತ್ತಿಗೆ ಇರ್ತಿರಲಿಲ್ಲ. ಅಷ್ಟು ನನಗೆ ಗೊತ್ತು."

"ಬಟ್ಟೆ ಆಕ್ಕಳಿ ಅವ್ವಾ, ಗಾಳಿ ಬತ್ತದೆ" ಎಂದಳು ಮಾದೇವಮ್ಮ. ತಾನೇ ಮುಂದೆ ಬಂದು ಅವರ ಗುಂಡಿ ಹಾಕಿದಳು.

ವಾಪಸು ಬರುವಾಗ ಮೇಡಂ ಮಂಕಾಗಿದ್ದರು. ಹನೂರು ದಾಟಿದ ಮೇಲೆ, "ನಾನು ತಪ್ಪು ಮಾಡಿದೆನೇನೋ. ನೋವಿರಲ್ಲ, ಬದುಕ್ತೀಯ ಅಂತ ಒಂದು ಸುಳ್ಳು ಹೇಳಿದ್ರೆ ಇವತ್ತೇ ಹೊರಡ್ತಿದ್ಲು" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಮೂರು ತಿಂಗಳು ತುಂಬಿ ಅವರು ಮತ್ತೆ ಮೈಸೂರಿಗೆ ಹೋಗಬೇಕಾದ ದಿನ ಬಂತು. ಹಿಂದಿನ ಸಂಜೆ ಕೊಳ್ಳೇಗಾಲದಲ್ಲಿ ಅವರ ಮನೆಯಲ್ಲಿದ್ದೆ. ಬಾಗಿಲಲ್ಲಿ ಮಾದೇವಮ್ಮ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಹಿಂದೆ ಅವಳ ಗಂಡ, ಟವಲ್ಲನ್ನು ಕೈಯಲ್ಲಿ ಹಿಂಡುತ್ತ.

"ನೀವು ಯಾವತ್ತು ಓಯ್ತೀರಿ ಅಂತ ಸೊಸೆ ಕೈಲಿ ಕೇಳಿಸ್ದೆ. ನಿಮ್ ಜೊತೇಲೇ ಓಯ್ತೀನಿ. ಒಬ್ಳೇ ಓಗಕ್ಕೆ ನಂಗೆ ಎದ್ರಿಕೆ" ಎಂದಳು ಮಾದೇವಮ್ಮ.

"ನನಗೂ ಹೆದರಿಕೆನೇ. ಒಳಗೆ ಬಾ" ಎಂದರು ಮೇಡಂ.

ಮರುದಿನ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕಾದರು. ಮೊದಲು ಇವರ ಎಕ್ಸ್‌ರೇ ಬಂತು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಕೂಡಿಕೊಳ್ತಾ ಇದೆ. ನಿಧಾನ, ಆದರೆ ಕೂಡ್ತಾ ಇದೆ. ಕಾಯಿಲೆ ಆಗಿದ್ರೆ ಇಷ್ಟರಲ್ಲಿ ಮೂಳೆ ತಿಂದುಹಾಕ್ತಿತ್ತು. ಇದು ಬರೀ ಮುರಿತ" ಎಂದರು.

"ನೋವು ಹೋಗುತ್ತಾ?"

"ಕಡಿಮೆ ಆಗುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲಾರೆ."

"ಅಷ್ಟು ಸಾಕು" ಎಂದು ಎದ್ದು ಹೊರಗೆ ಬಂದರು. ಆಸ್ಪತ್ರೆಯ ಅಂಗಳದ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯತೊಡಗಿದರು. ಬಹಳ ಹೊತ್ತು ತೊಳೆದರು. ಹಿಂದೆ ಕೊಡ ಹಿಡಿದು ನಿಂತಿದ್ದ ಹೆಂಗಸು ಗೊಣಗಿದಳು. ಇವರು ಸರಿಯಲಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಬಂದು, ಮಾದೇವಮ್ಮನ ಪಕ್ಕ ಕುಳಿತು, "ಈಗ ನಿನ್ನ ಸರದಿ" ಎಂದರು.

ಮಾದೇವಮ್ಮನಿಗೂ ಅದೇ ಕಾಯಿಲೆ ಎಂದಾಯಿತು. ಅಲ್ಲೇ ಸೇರಿಸಿಕೊಂಡರು, ಕೊಯ್ದರು, ಆಮೇಲೆ ಬೆಂಗಳೂರಿಗೆ ಕಳಿಸಿದರು. ಅವಳು ಊರಿಗೆ ಮರಳಿದ ಮೇಲೆ ನೋಡಲು ಹೋದಾಗ ಮೇಡಂ ಅವರ ಮೇಲೆ ಸಿಟ್ಟಾಗಿದ್ದಳು. "ನೀವು ಏಳಿದ್ದು ಯಾನಕ್ಕೂ ಸಾಲ್ದು ಕಣ್ರವ್ವಾ, ಅದ್ರ ಎರಡ್ರಷ್ಟು ನೋಯ್ತದೆ" ಎಂದಳು.

"ಪೂರ್ತಿ ಹೇಳಿದ್ರೆ ಬರ್ತಿದ್ಯಾ?" ಎಂದರು ಮೇಡಂ, ಪಕ್ಕೆ ಹಿಡಿದುಕೊಂಡು.

ಮಾದೇವಮ್ಮ ಬೂರುಗದ ದಿಂಬನ್ನು ಒಪ್ಪಲಿಲ್ಲ. ರಾಗಿ ಹೊಟ್ಟು ತುಂಬಿದ ಚೀಲ ಅದಕ್ಕಿಂತ ತಂಪು ಎಂದು ವಾದಿಸಿದಳು. ಇಬ್ಬರೂ ಅದೇ ವಿಷಯವಾಗಿ ಅರ್ಧ ಮಧ್ಯಾಹ್ನ ಮಾತಾಡಿದರು. ಮೇಡಂ ನೋವಿನ ಬಗ್ಗೆ ಅಷ್ಟು ಹೊತ್ತು, ಅಷ್ಟು ಸಲೀಸಾಗಿ ಮಾತಾಡಿದ್ದನ್ನು ನಾನು ಬೇರೆ ಯಾರ ಜೊತೆಯೂ ನೋಡಲಿಲ್ಲ. ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಮಾತಿಗೆ ನಾನು ಹೊರಗಿನವಳು.

ಆಮೇಲಿನ ವರ್ಷಗಳಲ್ಲಿ ಪಕ್ಕೆ ಪೂರ್ತಿ ಸುಮ್ಮನಾಗಲಿಲ್ಲ. ಮಾಗಿಯ ಚಳಿಯಲ್ಲಿ ಹೆಚ್ಚುತ್ತಿತ್ತು. ಎಡಗೈ ಊದಿಕೊಂಡಾಗ ಬಳೆ ಕೈಯೊಳಕ್ಕೆ ಒತ್ತುತ್ತಿತ್ತು, ಬಳೆಯನ್ನೇ ಬಿಟ್ಟರು. ಹೊಸ ಜಾಗದಲ್ಲಿ ಏನಾದರೂ ಚುಚ್ಚಿದರೆ ಮುಖ ಒಂದು ಗಳಿಗೆ ಸ್ತಬ್ಧವಾಗುತ್ತಿತ್ತು, ಒಳಗೇ ಯಾವುದನ್ನೋ ಆಲಿಸುವಂತೆ. ಆಮೇಲೆ "ಹಳೇದೇ" ಎಂದು ತಮಗೇ ಹೇಳಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು.

ಎಪ್ಪತ್ತರ ದಶಕದ ಮೊದಲಲ್ಲಿ ಅವರಿಗೆ ನಿವೃತ್ತಿಯಾಯಿತು. ಬ್ಲಾಕ್ ಆಫೀಸಿನ ಸಭಾಂಗಣದಲ್ಲಿ ಬೀಳ್ಕೊಡುಗೆ. ಮೂರೂ ಕಡೆಯ ಸಮಾಜಗಳಿಂದ ಹೆಂಗಸರು ಬಂದಿದ್ದರು. ನೆಲದ ಮೇಲೆ ಜಮಖಾನೆ ಸಾಲದೆ ವರಾಂಡದವರೆಗೂ ಕುಳಿತಿದ್ದರು. ಹೊಸ ಬಿ.ಡಿ.ಒ. ಬಂದು ಕೆಲವೇ ತಿಂಗಳಾಗಿತ್ತು. ಶಾಲು ಹೊದಿಸಲು ತಮ್ಮ ಹೆಂಡತಿಯನ್ನೂ ಕರೆತಂದಿದ್ದರು. ಮೂವತ್ತೈದರ ವಯಸ್ಸಿನ, ಮಾತು ಕಡಿಮೆಯ ಹೆಂಗಸು. ರೇಷ್ಮೆ ಸೀರೆಯುಟ್ಟು ವೇದಿಕೆಯ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು.

ಬಿ.ಡಿ.ಒ. ಚೆನ್ನಾಗಿ ಮಾತಾಡಿದರು. "ದೇಹಾಲಸ್ಯದ ನಡುವೆಯೂ ಇವರು ಸಲ್ಲಿಸಿದ ಸೇವೆ" ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ಹಾರ, ಶಾಲು ಆಯಿತು. ಕೊನೆಗೆ ಮೇಡಂ ಎದ್ದರು. ಎರಡು ಮಾತಿನಲ್ಲಿ ವಂದನೆ ಹೇಳಿ ಕುಳಿತುಕೊಳ್ಳುತ್ತಾರೆ ಎಂದುಕೊಂಡಿದ್ದೆವು.

"ಸಾಹೇಬರು ದೇಹಾಲಸ್ಯ ಅಂದ್ರು. ನಾನೂ ರಜೆ ಅರ್ಜೀಲಿ ಹಾಗೇ ಬರೆದಿದ್ದೆ" ಎಂದು ಆರಂಭಿಸಿದರು. "ಅದಕ್ಕೊಂದು ಹೆಸರಿದೆ. ಕ್ಯಾನ್ಸರ್. ನನಗೆ ಎದೇಲಿ ಬಂದಿತ್ತು. ಕುಯ್ದರು, ಸುಟ್ಟರು. ಪಕ್ಕೆ ಇವತ್ತಿಗೂ ನೋಯುತ್ತೆ, ಈಗ ನಿಂತು ಮಾತಾಡೋವಾಗ್ಲೂ ನೋಯ್ತಾ ಇದೆ. ನೋವಿದೆ ಅಂತ ಹೇಳೋದಕ್ಕೆ ನಾನಿದ್ದೀನಿ. ಅದೂ ದೊಡ್ಡದೇ. ಇನ್ನು ಗಂಡಸರೆಲ್ಲ ಆಚೆ ಹೋಗಿ ಕಾಫಿ ಕುಡೀರಿ. ನಮ್ಮ ಹೆಂಗಸರ ಹತ್ತಿರ ನನಗೆ ಸ್ವಲ್ಪ ಮಾತಿದೆ."

ಸಭೆ ಗರಬಡಿದಂತಾಯಿತು. ಬಿ.ಡಿ.ಒ. ಎದ್ದರು. ಅವರ ಹಿಂದೆ ಗುಮಾಸ್ತರು, ಪಂಚಾಯಿತಿ ಚೇರ್ಮನ್ನರು, ಜವಾನ ಎಲ್ಲರೂ ಹೊರಟರು. ವರಾಂಡದ ಹೆಂಗಸರನ್ನು ಒಳಗೆ ಕರೆದು, ನಾನು ಬಾಗಿಲು ಹಾಕಿ ಅಗುಳಿ ಇಟ್ಟೆ.

ಮೇಡಂ ಹಾರ ತೆಗೆದು ಮೇಜಿನ ಮೇಲಿಟ್ಟರು. ಸ್ನಾನ ಮಾಡುವಾಗ ಹೇಗೆ ಮುಟ್ಟಿ ನೋಡಿಕೊಳ್ಳಬೇಕು, ಏನು ಕಂಡರೆ ಕಾಯಬಾರದು ಎಂದು ತಮ್ಮ ಕೈಯಿಂದಲೇ ತೋರಿಸಿ ಹೇಳಿದರು. "ಯಾರಿಗಾದ್ರೂ ಹೀಗೇನಾದ್ರೂ ಇದ್ರೆ ಈಗ ಹೇಳಿ. ನಾಳೆಯಿಂದ ನನ್ನ ಹತ್ತಿರ ಜೀಪಿರಲ್ಲ" ಎಂದರು.

ಯಾರೂ ಅಲುಗಾಡಲಿಲ್ಲ. ಹೆಂಗಸರು ನೆಲ ನೋಡುತ್ತಿದ್ದರು. ಹೊರಗೆ ಲೋಟಗಳ ಸದ್ದು ಕೇಳುತ್ತಿತ್ತು. ಆಗ ವೇದಿಕೆಯ ಮೇಲೆ ಕುರ್ಚಿ ಕಿರ್ರೆಂದಿತು. ಬಿ.ಡಿ.ಒ. ಅವರ ಹೆಂಡತಿ ಎದ್ದು ನಿಂತಿದ್ದರು. ಸೆರಗನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಮೇಡಂ ಹತ್ತಿರ ಬಂದು, ಮುಂದಿನ ಸಾಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಯುಗಾದಿಯಿಂದ ಇದೆ. ಅವರಿಗೆ ಹೇಳಿಲ್ಲ" ಎಂದರು.

ಮೇಡಂ ಅವರ ಭುಜದ ಮೇಲೆ ಕೈಯಿಟ್ಟು ಮೂಲೆಯ ಮರದ ಪರದೆಯ ಹಿಂದೆ ಕರೆದೊಯ್ದರು. ಅದನ್ನು ಕಂಡು ಜಮಖಾನೆಯ ಮೇಲಿಂದ ಮಾಂಬಳ್ಳಿಯ ಒಬ್ಬಳು ಎದ್ದಳು. ಆಮೇಲೆ ವರಾಂಡದಿಂದ ಒಳಗೆ ಬಂದಿದ್ದ ಇನ್ನೊಬ್ಬಳು. ಒಬ್ಬರ ಹಿಂದೆ ಒಬ್ಬರು ಪರದೆಯ ಪಕ್ಕದಲ್ಲಿ ಗೋಡೆಗೊರಗಿ ನಿಂತರು.

ಬಾಗಿಲು ತಟ್ಟುವ ಸದ್ದಾಯಿತು. "ಇನ್ನೂ ಎಷ್ಟು ಹೊತ್ತಮ್ಮ?" ಬಿ.ಡಿ.ಒ. ಅವರ ದನಿ.

ಪರದೆಯ ಹಿಂದಿನಿಂದ ಮೇಡಂ ಕೂಗಿ ಹೇಳಿದರು: "ಸ್ವಲ್ಪ ಹೊತ್ತಾಗುತ್ತೆ ಸರ್. ನೀವು ಕಾಫಿ ಕುಡೀರಿ."